ಹಳೆ ವ್ಯಾನನ್ನು ರಿಪೇರಿ ಮಾಡಿಸಿ, ಮನೆ ಮಾಡಬೇಡಿ

ಬೆಂಗಳೂರಿನ ವಿಜಯನಗರದ ಆರ್‌ಪಿಸಿ ಲೇಔಟ್, ಹಂಪಿನಗರ, ಅತ್ತಿಗುಪ್ಪೆಯ ಅಡ್ಡರಸ್ತೆಗಳಲ್ಲಿ ಕವರ್ ಹೊದ್ದು ನಿಂತ ಮಾರುತಿ ಓಮ್ನಿಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅಂಗಡಿಗೆ ಸಾಮಾನು ತರಲು, ಮಕ್ಕಳನ್ನು ಶಾಲೆಗೆ ಬಿಡಲು, ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಿಬರಲು ಕೊಂಡ ಗಾಡಿಗಳಿವು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ರಸ್ತೆಗಿಳಿದ ಈ ಡಬ್ಬಿಯಾಕಾರದ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಸಿನಿಮಾದವರು ಅಪಹರಣದ ದೃಶ್ಯಗಳಿಗೆಲ್ಲ ಇದನ್ನೇ ತಂದು ಅದರ ಹೆಸರು ಕೆಡಿಸಿದ್ದು ಬೇರೆ ಮಾತು. ಕೊನೆಯ ದಶಕದ ಓಮ್ನಿಗಳಿಗೆ, ಅವುಗಳ ಜೊತೆಗೇ 2010ರಲ್ಲಿ ಬಂದ ಈಕೊಗಳಿಗೆ ಈಗ ಒಂದೊಂದಾಗಿ 15 ವರ್ಷ ತುಂಬುತ್ತಿದೆ. ಮಾಲೀಕರ ಮುಂದೆ ಎರಡು ದಾರಿಗಳಿವೆ: ಗುಜರಿಗೆ ಹಾಕುವುದು ಅಥವಾ ಆರ್‌ಸಿ ನವೀಕರಿಸಿ ಇಟ್ಟುಕೊಳ್ಳುವುದು. ಮೂರನೆಯ ಆಸೆಯೊಂದು ಮೊಬೈಲ್ ವಿಡಿಯೊಗಳಿಂದ ಹುಟ್ಟಿದೆ. ಸೀಟು ಕಿತ್ತು, ಪ್ಲೈವುಡ್ ಹೊಡೆದು, ಒಳಗೇ ಸಿಂಕು, ಸ್ಟವ್, ಮಂಚ ಕೂರಿಸಿ ‘ಚಲಿಸುವ ಮನೆ’ ಮಾಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಊರೂರು ಸುತ್ತುವ ಆಸೆ ಅದು. ಹಳೆಯ ವ್ಯಾನನ್ನು ಉಳಿಸಿಕೊಂಡು ಕುಟುಂಬದ ಕ್ಯಾಂಪಿಂಗ್‌ಗೆ ಬಳಸುವುದು ಒಳ್ಳೆಯ ಯೋಚನೆಯೇ. ಆದರೆ ಹಣ ಅದರ ಯಂತ್ರಕ್ಕೆ ಹೋಗಬೇಕು, ಒಳಾಂಗಣಕ್ಕಲ್ಲ. ಮಲಗುವ, ಅಡುಗೆ ಮಾಡುವ ವ್ಯವಸ್ಥೆಯೆಲ್ಲ ಹತ್ತು ನಿಮಿಷದಲ್ಲಿ ಹೊರಗೆ ತೆಗೆದಿಡುವಂತಿರಬೇಕು.

ಗಾಡಿಯಲ್ಲೇ ಸಂಸಾರ ಹೂಡಿ ಹೊರಡುವುದು ಅಮೆರಿಕದ ಫ್ಯಾಶನ್, ನಮಗೇಕೆ ಎನ್ನುವವರಿದ್ದಾರೆ. ಅವರು ಬನದ ಹುಣ್ಣಿಮೆ ಅಥವಾ ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಬೇಕು. ಹಿಂದೆ ಸವಾರಿ ಬಂಡಿಗಳಲ್ಲಿ ಬರುತ್ತಿದ್ದವರು ಈಗ ಬಹುಪಾಲು ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಬರುತ್ತಾರೆ. ಟ್ರೇಲರ್ ಮೇಲೆ ಬಿದಿರು ಬಾಗಿಸಿ ತಾಡಪಾಲು ಕಟ್ಟಿ, ಕೆಳಗೆ ಹುಲ್ಲು ಹಾಸಿ, ಮುದುಕರು ಮಕ್ಕಳನ್ನು ಅದರೊಳಗೆ ಮಲಗಿಸಿ, ಪಕ್ಕದಲ್ಲಿ ಒಲೆ ಹೂಡಿ ಹೋಳಿಗೆ, ಕಡುಬು ಮಾಡಿ ಪರಡಿ ತುಂಬಿಸುತ್ತಾರೆ. ದಕ್ಷಿಣದವರಿಗೆ ಶಬರಿಮಲೆ ಯಾತ್ರೆ ಗೊತ್ತು. ನವೆಂಬರ್‌ನಿಂದ ಜನವರಿಯವರೆಗೆ ಬೆಂಗಳೂರಿನ ಪಶ್ಚಿಮ ಬಡಾವಣೆಗಳಿಂದ ಹೊರಡುವ ಟೆಂಪೊ ಟ್ರಾವೆಲರ್‌ಗಳಲ್ಲಿ (ಟಿ.ಟಿ.) ಅಕ್ಕಿ, ಬೇಳೆ, ಗ್ಯಾಸ್ ಸ್ಟವ್, ದೊಡ್ಡ ಪಾತ್ರೆಗಳೆಲ್ಲ ಇರುತ್ತವೆ. ಮಾಲೆ ಹಾಕಿದವರು ದಾರಿಯಲ್ಲಿ ನೀರು ಕಂಡಲ್ಲಿ ಇಳಿದು, ಸ್ನಾನ ಮಾಡಿ, ಅಡುಗೆ ಮಾಡಿಕೊಂಡು ಮುಂದೆ ಹೋಗುತ್ತಾರೆ. ಈ ಎರಡೂ ಪದ್ಧತಿಗಳಲ್ಲಿ ಗಮನಿಸಬೇಕಾದ್ದು ಒಂದೇ. ವಾಹನದ ಮೈಗೆ ಯಾರೂ ಏನನ್ನೂ ಬೆಸುಗೆ ಹಾಕುವುದಿಲ್ಲ. ಜಾತ್ರೆ ಮುಗಿದ ಮರುದಿನ ಅದೇ ಟ್ರೇಲರ್ ಕಬ್ಬು ಹೇರುತ್ತದೆ, ಅದೇ ಟಿ.ಟಿ. ಮದುವೆ ದಿಬ್ಬಣಕ್ಕೆ ಹೋಗುತ್ತದೆ. ಟ್ರೇಲರ್‌ನಲ್ಲಿ ಜನರನ್ನು ಕೂರಿಸಿ ಹೆದ್ದಾರಿಯಲ್ಲಿ ಓಡಿಸುವುದು ಅಪಾಯ, ಕಾನೂನಿಗೂ ವಿರುದ್ಧ. ಜಾತ್ರೆಗೆ ಹೊರಟ ಟ್ರೇಲರ್ ಪಲ್ಟಿಯಾದ ಸುದ್ದಿ ಓದದ ವರ್ಷವಿಲ್ಲ. ಅದನ್ನು ಅನುಸರಿಸಿ ಎನ್ನುತ್ತಿಲ್ಲ. ವಾಹನ ವಾಹನವಾಗಿಯೇ ಇರಲಿ, ಮನೆ ಗಂಟಿನಲ್ಲಿರಲಿ ಎಂಬ ಅವರ ವಿವೇಕವನ್ನಷ್ಟೇ ಎತ್ತಿಕೊಳ್ಳಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆಗಳು ಇಲ್ಲಿಗೆ ಏಕೆ ಹೊಂದುವುದಿಲ್ಲ ಎಂದು ಹೆಚ್ಚು ವಿವರಿಸಬೇಕಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಾಲ ಕಟ್ಟಿಕೊಂಡ ಕಾರು ಎದುರು ಬಂದರೆ ಬಸ್ ಚಾಲಕ ಏನು ಮಾಡಬೇಕು? 30x40 ಸೈಟುಗಳ ಲೇಔಟಿನಲ್ಲಿ ಅದನ್ನು ನಿಲ್ಲಿಸುವುದು ಎಲ್ಲಿ? ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು ವ್ಯಾನು. ವ್ಯಾನನ್ನೇ ಮನೆ ಮಾಡುತ್ತೇನೆಂದು ಹೊರಟರೆ ಮೊದಲು ಎದುರಾಗುವುದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಬಣ್ಣ, ಸಣ್ಣಪುಟ್ಟ ಜೋಡಣೆಗಳಿಗೆ ಅಡ್ಡಿಯಿಲ್ಲ. ಬಾಡಿಯ ರಚನೆ ಬದಲಿಸುವುದಕ್ಕೆ ಅವಕಾಶವಿಲ್ಲ. ಅದೇ ವರ್ಷದ ತಿದ್ದುಪಡಿ ಅಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಇಲ್ಲವೇ ಎರಡನ್ನೂ ವಿಧಿಸಿತು. ಸೀಟುಗಳ ಸಂಖ್ಯೆ ಆರ್‌ಸಿಯಲ್ಲೇ ಅಚ್ಚಾಗಿರುತ್ತದೆ. ಎರಡು ಸೀಟು ಕಿತ್ತು ಮಂಚ ಕೂರಿಸಿದರೆ ಆ ಕಾಗದಕ್ಕೂ ಗಾಡಿಗೂ ತಾಳೆಯಾಗದು, ಅಪಘಾತವಾದಾಗ ವಿಮಾ ಕಂಪನಿ ಮೊದಲು ಹುಡುಕುವುದು ಇಂಥದ್ದೇ ನೆಪವನ್ನು.

ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ನಮ್ಮ ಕಾನೂನಿನಲ್ಲಿ ಇಲ್ಲ ಎಂದಲ್ಲ. 2004ರ ನವೆಂಬರ್‌ನ ಕೇಂದ್ರ ಅಧಿಸೂಚನೆಯಲ್ಲಿ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್’ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಮೋಟಾರು ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಆದರೆ ಆ ಮಾನದಂಡ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಮಾದರಿ ಪರೀಕ್ಷೆ ಮಾಡಿಸಬಲ್ಲ ತಯಾರಕರನ್ನು ಗಮನದಲ್ಲಿಟ್ಟು ಮಾಡಿದ್ದು. ಒಂದು ಹಳೆಯ ಓಮ್ನಿ, ಒಬ್ಬ ಪರಿಚಿತ ಮೆಕ್ಯಾನಿಕ್, ಒಬ್ಬ ಬಡಗಿ ಇರುವ ಕುಟುಂಬಕ್ಕೆ ಆ ದಾರಿ ತೆರೆದೂ ಮುಚ್ಚಿದಂತೆಯೇ. ಇದು ಅನ್ಯಾಯ ಎನಿಸಬಹುದು. ಆದರೆ ರಾತ್ರಿ ಬಸ್ಸುಗಳ ಬೆಂಕಿ ದುರಂತಗಳಾದಾಗಲೆಲ್ಲ ಒಳಗೆ ಏನನ್ನು ಬದಲಿಸಲಾಗಿತ್ತು, ಹೊರಬರುವ ದಾರಿಗೆ ಏನು ಅಡ್ಡವಿತ್ತು ಎಂಬ ಪ್ರಶ್ನೆಗಳು ಏಳುವುದನ್ನು ನೋಡಿದ ಮೇಲೂ ‘ನನ್ನ ಗಾಡಿ, ನನ್ನಿಷ್ಟ’ ಎನ್ನುವುದು ಕಷ್ಟ. ವ್ಯಾನಿನ ಬಾಗಿಲಿಗೆ ಅಡ್ಡಲಾಗಿ ಅಡುಗೆಕಟ್ಟೆ ಕೂರಿಸಿದವರು ಅದೇ ತಪ್ಪನ್ನು ತಮ್ಮ ಮಕ್ಕಳ ವಿಷಯದಲ್ಲಿ ಮಾಡಿರುತ್ತಾರೆ.

ಹಾಗಾದರೆ ರಿಪೇರಿ ಎಲ್ಲಿಂದ ಶುರುವಾಗಬೇಕು? ಗಾಡಿಯ ಕೆಳಗಿನಿಂದ. ಲಿಫ್ಟ್‌ಗೆ ಏರಿಸಿ ನೆಲದ ತಗಡನ್ನು ನೋಡಬೇಕು. ಹಿಂದಿನ ಚಕ್ರದ ಕಮಾನು, ಜಾರುಬಾಗಿಲಿನ ಕೆಳ ಹಳಿ, ರಬ್ಬರ್ ಮ್ಯಾಟ್‌ನಡಿಯ ನೆಲ, ಇವು ಮಳೆನೀರು ಕೂತು ತುಕ್ಕು ತಿನ್ನುವ ಜಾಗಗಳು. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿದಾಗ ತಗಡು ಪುಡಿಯಾಗಿ ಉದುರಿದರೆ ಅಲ್ಲಿ ಟಿಂಕರ್ ಕೆಲಸವಿದೆ. ಅದರ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದುಕೊಟ್ಟರೆ ಅದು ಮೋಸ. ಟಯರಿನ ಗುಂಡಿ ಆಳವಾಗಿದ್ದ ಮಾತ್ರಕ್ಕೆ ಟಯರ್ ಚೆನ್ನಾಗಿದೆ ಎಂದುಕೊಳ್ಳಬಾರದು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ಸಾವಿರ ಕಿಲೊಮೀಟರೂ ಓಡದ ಗಾಡಿಯ ಟಯರ್ ಸವೆಯುವ ಮೊದಲೇ ಒಣಗಿ ಬಿರುಕು ಬಿಡುತ್ತದೆ, ಮೈಸೂರು ಹೆದ್ದಾರಿಯ ಬಿಸಿಲಿಗೆ ಸಿಡಿಯುವುದು ಇಂಥ ಟಯರೇ. ಬ್ರೇಕ್ ಆಯಿಲ್ ತೇವಾಂಶ ಹೀರುತ್ತದೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಇದು ಗೊತ್ತಾಗುವುದಿಲ್ಲ. ಘಾಟಿ ಇಳಿಯುವಾಗ ಆಯಿಲ್ ಕಾದು ಪೆಡಲ್ ಸಡಿಲವಾದಾಗ ಗೊತ್ತಾಗುತ್ತದೆ. ಪೆಟ್ರೋಲ್ ಪೈಪುಗಳ ಕಥೆ ಹೊಸದು. ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಎಲ್ಲ ಬಂಕ್‌ಗಳಲ್ಲೂ ಇದೆ, ಹಳೆಯ ವ್ಯಾನುಗಳ ರಬ್ಬರ್ ಪೈಪು, ಸೀಲುಗಳು ಅದಕ್ಕೆಂದು ತಯಾರಾದವಲ್ಲ. ಓಮ್ನಿಯ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಅಲ್ಲಿ ಪೈಪು ಒಸರಿದರೆ ಬೆಂಕಿ ಕಾಲಡಿಯಲ್ಲೇ ಏಳುತ್ತದೆ. ಈ ಕೆಲಸಗಳಿಗೆ ಪಶ್ಚಿಮ ಬೆಂಗಳೂರಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ದೂರವಲ್ಲ, ಲೇತ್ ಕೆಲಸಕ್ಕೆ ಕಾಮಾಕ್ಷಿಪಾಳ್ಯ ಪಕ್ಕದಲ್ಲೇ ಇದೆ. ಮೂವತ್ತೈದು ವರ್ಷ ತಯಾರಾದ ಗಾಡಿಯಾದ್ದರಿಂದ ಇದನ್ನು ಬಿಚ್ಚಿ ಜೋಡಿಸದ ಮೆಕ್ಯಾನಿಕ್ ಈ ಭಾಗದಲ್ಲಿ ಸಿಗುವುದೇ ಕಷ್ಟ. ಪೂರ್ತಿ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಈ ಹಂತದಲ್ಲೇ ಖರ್ಚಾದರೆ ಅದು ಸರಿಯಾದ ಲೆಕ್ಕ.

ಒಳಗಿನ ವ್ಯವಸ್ಥೆಯಲ್ಲಿ ಎಲ್ಲರೂ ಮರೆಯುವುದು ತೂಕವನ್ನು. 8x4 ಅಡಿಯ 18 ಎಂಎಂ ಪ್ಲೈವುಡ್ ಹಾಳೆಯೊಂದು 35 ಕಿಲೊ ಆಸುಪಾಸು ತೂಗುತ್ತದೆ. ಮಂಚ, ಕಪಾಟು, ಅಡುಗೆಕಟ್ಟೆಗೆಂದು ಮೂರು ಹಾಳೆ ಬಳಸಿದರೆ ಇನ್ನೂ ಒಬ್ಬ ದಪ್ಪ ಮನುಷ್ಯ, ಅವನ ಜೊತೆಗೊಬ್ಬ ಹುಡುಗ ಗಾಡಿಯಲ್ಲಿ ಕಾಯಂ ಕೂತಂತಾಯಿತು. ಕುಡಿಯುವ ನೀರಿನ ಎರಡು ಕ್ಯಾನ್ ಎಂದರೆ ಮತ್ತೆ 40 ಕಿಲೊ. ಸ್ವತಃ 800 ಕಿಲೊ ಆಸುಪಾಸು ತೂಗುವ ಸಣ್ಣ ಗಾಡಿಗೆ ಇದು ಬ್ರೇಕನ್ನೂ ಸ್ಪ್ರಿಂಗನ್ನೂ ಹಿಂಡುವ ಭಾರ. ಬದಲಿಗೆ ಹಿಂದಿನ ಸೀಟನ್ನು ಬಾಗಿಸಿ ಅದರ ಮೇಲೆ ಹಾಸುವ, ಎರಡು ತುಂಡಾಗಿ ಮಡಚುವ 12 ಎಂಎಂ ಹಲಗೆ, ಒಂದು ಹಾಸಿಗೆ, ಡಿಕ್ಕಿಗೆ ಸರಿಯಾಗಿ ಕೂರುವ ಒಂದು ಅಡುಗೆ ಪೆಟ್ಟಿಗೆ ಇದ್ದರೆ ಸಾಕು. ಪ್ರಾಮಾಣಿಕವಾಗಿ ಹೇಳಬೇಕೆಂದರೆ 3.37 ಮೀಟರ್ ಉದ್ದದ ಓಮ್ನಿಯಲ್ಲಿ ಇಬ್ಬರು ದೊಡ್ಡವರು, ಒಂದು ಸಣ್ಣ ಮಗು ಮಲಗಬಹುದು. ಉಳಿದವರಿಗೆ ಹಿಂಬಾಗಿಲಿಗೆ ತಾಗಿಸಿ ಕಟ್ಟುವ ಟೆಂಟೇ ಗತಿ. ವಿಡಿಯೊಗಳಲ್ಲಿ ನಾಲ್ವರು ಆರಾಮಾಗಿ ಮಲಗಿದಂತೆ ತೋರಿಸುವುದು ಕ್ಯಾಮೆರಾ ಕೈಚಳಕ.

ವಿದ್ಯುತ್ತಿನ ವಿಚಾರಕ್ಕೂ ಇದೇ ಮಿತವ್ಯಯ ಸಾಕು. 12 ವೋಲ್ಟಿನ ಫ್ಯಾನು 20 ವ್ಯಾಟ್‌ನದಾದರೆ ರಾತ್ರಿ ಎಂಟು ಗಂಟೆಗೆ 160 ವ್ಯಾಟ್-ಗಂಟೆ. ಎಲ್‌ಇಡಿ ದೀಪ, ಫೋನ್ ಚಾರ್ಜು ಸೇರಿ ಇನ್ನೊಂದು ನೂರು. 100 ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೂ 600 ವ್ಯಾಟ್-ಗಂಟೆ ಸಿಗುತ್ತದೆ, ಎರಡು ರಾತ್ರಿ ಕಳೆಯುತ್ತದೆ. ಆ ಬ್ಯಾಟರಿಯನ್ನು ಗಾಡಿಯ ವೈರಿಂಗ್‌ಗೆ ಸೇರಿಸದೆ ಗಟ್ಟಿ ಪೆಟ್ಟಿಗೆಯೊಂದರಲ್ಲಿ ಬೇರೆಯಾಗಿಟ್ಟು, ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೊರಟರೆ ಶಾರ್ಟ್ ಸರ್ಕ್ಯೂಟಿನ ಭಯ ಬಹಳಷ್ಟು ಕಡಿಮೆ. ಎ.ಸಿ. ಬೇಕು, ಅದಕ್ಕೆ ಜನರೇಟರ್ ಬೇಕು ಎನ್ನುವವರು 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ನಡೆದದ್ದನ್ನು ನೆನೆಯಬೇಕು. ರಸ್ತೆಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರ ಶವ ಸಿಕ್ಕವು; ಜನರೇಟರಿನಿಂದ ಒಳಗೆ ಬಂದ ಕಾರ್ಬನ್ ಮೊನಾಕ್ಸೈಡ್ ಅವರ ಸಾವಿಗೆ ಕಾರಣವಾಗಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಬಾಗಿಲು ಮುಚ್ಚಿ ಇದ್ದಿಲಿನ ಕೆಂಡ ಇಟ್ಟುಕೊಂಡರೂ ಅದೇ ಗತಿ. ಅಡುಗೆ ಅನಿಲದ ಸ್ವಭಾವ ಬೇರೆ: ಅದು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಹಾಸಿಗೆಯಡಿ ಕೂರುತ್ತದೆ. ಆದ್ದರಿಂದ ಐದು ಕಿಲೊ ಸಿಲಿಂಡರನ್ನು ಹೊರಗಿಳಿಸಿ, ಒಲೆಯನ್ನೂ ಹೊರಗೇ ಹಚ್ಚಬೇಕು. ಯಲ್ಲಮ್ಮನ ಗುಡ್ಡದಲ್ಲಿ ಒಲೆ ಬಂಡಿಯ ಪಕ್ಕದಲ್ಲಿರುತ್ತದೆಯೇ ಹೊರತು ಒಳಗಲ್ಲ.

ಹಳೆಯ ವ್ಯಾನನ್ನು ಉಳಿಸಿಕೊಳ್ಳುವುದಕ್ಕೆ ಬರುವ ಮೊದಲ ಗಂಭೀರ ಆಕ್ಷೇಪ ಹೊಗೆಯದು. ಗುಜರಿ ನೀತಿ ತಂದಿರುವುದೇ ಹಳೆಯ ವಾಹನಗಳು ರಸ್ತೆಯಿಂದ ಹೋಗಲಿ ಎಂದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದ್ದು ಆ ಉದ್ದೇಶದಿಂದಲೇ. ಅಂಥದ್ದರಲ್ಲಿ ಹಳೆಯದನ್ನು ಉಳಿಸಿ ಎನ್ನುವುದು ಸರಿಯೇ? ಎಲ್ಲ ಹಳೆಯದನ್ನೂ ಉಳಿಸಿ ಎನ್ನಲಾಗದು. ಕಪ್ಪು ಹೊಗೆ ಉಗುಳುವ ಹಳೆಯ ಡೀಸೆಲ್ ಮಟಡೋರ್, ಸವೆದ ಟಿ.ಟಿ.ಗಳ ಪರವಾಗಿ ವಾದಿಸಲು ನನಗೆ ಮನಸ್ಸಿಲ್ಲ, ಅವು ನೋಡಲು ಎಷ್ಟೇ ಚಂದವಿರಲಿ. ಆದರೆ ಬೆಂಗಳೂರಿನಲ್ಲಿ 2010ರ ಏಪ್ರಿಲ್‌ನಿಂದಲೇ ಬಿಎಸ್-4 ಮಾನದಂಡ ಜಾರಿಯಲ್ಲಿತ್ತು. ಆ ನಂತರ ಇಲ್ಲಿ ನೋಂದಣಿಯಾದ ಪೆಟ್ರೋಲ್ ವ್ಯಾನು, ಅದರ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಿದ್ದರೆ, ವರ್ಷಕ್ಕೆ ನಾಲ್ಕಾರು ಪ್ರವಾಸ ಮಾಡಿದ್ದರಿಂದ ಆಗುವ ಹೊಗೆ ದಿನವೂ ಸಿಲ್ಕ್ ಬೋರ್ಡಿಗೆ ಹೋಗಿಬರುವ ಹೊಸ ಕಾರಿನದಕ್ಕಿಂತ ಒಟ್ಟು ಲೆಕ್ಕದಲ್ಲಿ ಹೆಚ್ಚಾಗುವುದು ಕಷ್ಟ. ಹೊಸ ಗಾಡಿ ತಯಾರಾಗುವಾಗ ಉರಿದ ಕಲ್ಲಿದ್ದಲು, ಕರಗಿದ ಉಕ್ಕಿನ ಲೆಕ್ಕವನ್ನೂ ಇಡಬೇಕು. ನವೀಕರಣದ ತಪಾಸಣೆಯಲ್ಲಿ ಫೇಲಾದ ಗಾಡಿಗೆ ಗುಜರಿಯೇ ದಾರಿ. ಪಾಸಾದದ್ದನ್ನು ವಯಸ್ಸಿನ ಕಾರಣಕ್ಕೆ ಅಪರಾಧಿಯಂತೆ ನೋಡಬೇಕಿಲ್ಲ.

ಎರಡನೆಯ ಆಕ್ಷೇಪ ಪಾರ್ಕಿಂಗಿನದು. ಆರ್‌ಪಿಸಿ ಲೇಔಟಿನಲ್ಲಿ ಕಾರು ನಿಲ್ಲಿಸುವ ವಿಷಯಕ್ಕೆ ಅಕ್ಕಪಕ್ಕದವರ ಮಾತು ಬಿಟ್ಟುಹೋದ ಉದಾಹರಣೆಗಳಿಗೆ ಕೊರತೆಯಿಲ್ಲ. ವರ್ಷದಲ್ಲಿ ಹತ್ತು ದಿನ ಓಡುವ ಕ್ಯಾಂಪಿಂಗ್ ಗಾಡಿಗೆ ಉಳಿದ ದಿನವೆಲ್ಲ ರಸ್ತೆಯನ್ನು ಬಿಟ್ಟುಕೊಡಿ ಎಂದು ಕೇಳಲು ಯಾರಿಗೂ ಹಕ್ಕಿಲ್ಲ. ವ್ಯಾನನ್ನು ಮನೆ ಮಾಡಬೇಡಿ ಎನ್ನುವುದಕ್ಕೆ ನನ್ನ ಬಲವಾದ ಕಾರಣವೂ ಇದೇ. ಹಲಗೆ, ಪೆಟ್ಟಿಗೆ ಇಳಿಸಿ ಸಜ್ಜೆ ಮೇಲಿಟ್ಟರೆ ಸೋಮವಾರದಿಂದ ಅದೇ ಗಾಡಿ ಮಾರುಕಟ್ಟೆಗೆ, ಆಸ್ಪತ್ರೆಗೆ, ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಬರುತ್ತದೆ. ಎರಡನೇ ಕಾರು ಬೇಕಾಗುವುದಿಲ್ಲ. ಮನೆಯ ಗೇಟಿನೊಳಗೆ ಜಾಗವಿಲ್ಲದವರು ಈ ಸಾಹಸಕ್ಕೇ ಇಳಿಯಬಾರದು. ವರ್ಷಕ್ಕೊಂದೇ ಸಲ ಹೋಗುವವರೂ ಅಷ್ಟೇ. ಅವರಿಗೆ ಬಾಡಿಗೆ ಗಾಡಿ, ಹೋಮ್‌ಸ್ಟೇ ಅಗ್ಗ, ಇದರಲ್ಲಿ ವಾದವೇ ಇಲ್ಲ.

ಉಳಿದದ್ದು ಹೆಣ್ಣುಮಕ್ಕಳು ಎತ್ತುವ ಪ್ರಶ್ನೆ, ಗಂಡಸರ ವಿಡಿಯೊಗಳಲ್ಲಿ ಎಂದೂ ಬಾರದ ಪ್ರಶ್ನೆ: ರಾತ್ರಿ ನಿಲ್ಲುವುದು ಎಲ್ಲಿ, ಬೆಳಿಗ್ಗೆ ಶೌಚಕ್ಕೆ ಹೋಗುವುದು ಎಲ್ಲಿ? ಗಾಡಿ ಎಷ್ಟೇ ಸರಿಯಿರಲಿ, ಇದಕ್ಕೆ ಉತ್ತರವಿಲ್ಲದಿದ್ದರೆ ಕುಟುಂಬದ ಕ್ಯಾಂಪಿಂಗ್ ಎಂಬುದು ಗಂಡಸರ ಕ್ಯಾಂಪಿಂಗ್ ಆಗಿಯೇ ಉಳಿಯುತ್ತದೆ. ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ, ತಂಗಲೂಬಾರದು. ಬಂಡೀಪುರದ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದು ಪ್ರಾಣಿಗಳಿಗಾಗಿ, ಅದಕ್ಕೆ ವಿನಾಯಿತಿ ಕೇಳುವುದು ಸಲ್ಲದು. ಹೊಳೆದಂಡೆಯಲ್ಲಿ ನಿಲ್ಲಿಸಿ ಪ್ಲಾಸ್ಟಿಕ್ ಬಿಸಾಡಿ ಬರುವವರಿಂದ ಹಳ್ಳಿಯವರು ಬೇಸತ್ತಿದ್ದಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಿಂತು ಸುಧಾರಿಸಿಕೊಳ್ಳಲು ಜಾಗವಿಲ್ಲ ಎಂಬ ದೂರು ಮೊದಲ ದಿನದಿಂದಲೇ ಇದೆ. ಕ್ಯಾರವಾನ್ ಮತ್ತು ಕ್ಯಾರವಾನ್ ಪಾರ್ಕುಗಳ ಬಗ್ಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದಶಕಕ್ಕೂ ಹಿಂದೆಯೇ ನೀತಿ ರೂಪಿಸಿತ್ತು. ಕೇರಳ 2021ರಲ್ಲಿ ‘ಕೇರವಾನ್’ ಯೋಜನೆ ತಂದು ವಾಗಮಣ್‌ನಲ್ಲಿ ಪಾರ್ಕನ್ನೂ ತೆರೆಯಿತು. ಇವೆಲ್ಲ ಹೆಚ್ಚಾಗಿ ಐಷಾರಾಮಿ ಗಾಡಿಗಳನ್ನು ಬಾಡಿಗೆಗೆ ಹಿಡಿಯುವವರ ಸುತ್ತ ಹೆಣೆದ ಯೋಜನೆಗಳು. ಸ್ವಂತ ಹಳೆ ವ್ಯಾನಿನಲ್ಲಿ ಬರುವವರಿಗೆ ಬೇಕಿರುವುದು ತೀರಾ ಕಡಿಮೆ: ಬೇಲಿಯಿರುವ ಬಯಲು, ನಲ್ಲಿ, ದೀಪ, ಬೀಗ ಹಾಕಿಕೊಳ್ಳಬಹುದಾದ ಶೌಚಾಲಯ, ಒಬ್ಬ ಕಾವಲುಗಾರ.

ಇದಕ್ಕೆ ಹೊಸ ಭೂಸ್ವಾಧೀನವೇನೂ ಬೇಕಿಲ್ಲ. ಮೇಲುಕೋಟೆ, ಘಾಟಿ ಸುಬ್ರಹ್ಮಣ್ಯ, ಸವದತ್ತಿಯಂಥ ಕ್ಷೇತ್ರಗಳಲ್ಲಿ ಜಾತ್ರೆಗೆಂದು ಬಿಟ್ಟ ಬಯಲುಗಳು ವರ್ಷದ ಬಹುಪಾಲು ದಿನ ಖಾಲಿ ಇರುತ್ತವೆ. ಮುಜರಾಯಿ ಇಲಾಖೆ ಮತ್ತು ಕೆಎಸ್‌ಟಿಡಿಸಿ ಸೇರಿ ಅವುಗಳ ಒಂದು ಮೂಲೆಯನ್ನು ರಾತ್ರಿಗಿಷ್ಟು ಎಂದು ಶುಲ್ಕ ಪಡೆದು ತೆರೆಯಬಹುದು. ಆ ಹಣದಲ್ಲಿ ಶೌಚಾಲಯ ವರ್ಷವಿಡೀ ಸ್ವಚ್ಛವಾಗಿದ್ದರೆ ಜಾತ್ರೆಗೆ ಬರುವವರಿಗೂ ಅನುಕೂಲ. ಸಾರಿಗೆ ಇಲಾಖೆ ಮಾಡಬೇಕಾದದ್ದು ಇನ್ನೂ ಸುಲಭ. ಖಾಸಗಿ ವ್ಯಾನಿನಲ್ಲಿ ಬೆಸುಗೆಯಿಲ್ಲದೆ, ಸೀಟು ಕೀಳದೆ ಏನೇನು ಇಟ್ಟುಕೊಳ್ಳಬಹುದು, ಯಾವುದಕ್ಕೆ ಪೂರ್ವಾನುಮತಿ ಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ಆರ್‌ಟಿಒ ಕಚೇರಿಗಳ ಗೋಡೆಗೆ ಹಚ್ಚಿದರೆ ಸಾಕು. ಅದಿಲ್ಲದ ಕಾರಣಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ, ನಡುವೆ ದಲ್ಲಾಳಿಗೆ ಕೆಲಸ ಸಿಗುತ್ತದೆ.

ಗೇಟಿನೊಳಗೆ ಓಮ್ನಿಯೋ ಈಕೊವೋ ಇರುವವರು ಮೊದಲು ಆರ್‌ಸಿ ತೆಗೆದು ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಿ. ಅದಕ್ಕೆ 60 ದಿನ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು, ಪಾಸಾದರೆ ಮತ್ತೆ ಐದು ವರ್ಷ ಸಿಗುತ್ತದೆ. ಬಡಗಿಯನ್ನು ಕರೆಸುವುದು ಆ ತಪಾಸಣೆ ಮುಗಿದ ಮೇಲಿರಲಿ.